ಬಾಚಣಿಗೆ ಓಣಿಯ ಪೊರೆ

ನಮ್ಮೂರಿನಲ್ಲಿ ಜಗಳವನ್ನೂ ಪಿಸುದನಿಯಲ್ಲೇ ಆಡಬೇಕು. ಗಂಟಲೆತ್ತಿ ಕೂಗಿದರೆ ಓಣಿ ಬೆದರಿ ಬಿಗಿದುಕೊಳ್ಳುತ್ತದೆ. ಆಮೇಲೆ ಜಗಳವಾಡಿದ ಇಬ್ಬರೂ ಒಬ್ಬರ ಮೂಗಿಗೆ ಒಬ್ಬರು ಮೂಗು ತಾಗಿಸಿಕೊಂಡು ನಿಲ್ಲಬೇಕಾಗುತ್ತದೆ. ಅದಕ್ಕಿಂತ ದೊಡ್ಡ ಶಿಕ್ಷೆ ಬೇಕೆ? ಹಾಗಾಗಿ ಮದುವೆಯ ವಾಲಗ ಊರ ಹೊರಗಿನ ಬಯಲಲ್ಲೇ ಮುಗಿಯುತ್ತದೆ. ಸೊಪ್ಪು ಮಾರುವವಳು ಬಾಗಿಲ ಹತ್ತಿರ ಬಂದು ಗುಟ್ಟು ಹೇಳುವವಳ ಹಾಗೆ "ಮೆಂತ್ಯ, ಸಬ್ಬಸಿಗೆ" ಎನ್ನುತ್ತಾಳೆ. ಚಳಿಗಾಲದ ಬೆಳಗ್ಗೆ ಓಣಿಗಳು ಮುದುಡಿಕೊಂಡಿರುತ್ತವೆ, ಜನ ಓಡಾಡತೊಡಗಿದ ಹಾಗೆ ನಿಧಾನಕ್ಕೆ ಬಿಟ್ಟುಕೊಳ್ಳುತ್ತವೆ. ಓಣಿ ಬಿಗಿದಾಗ ಪ್ರತಿ ಮನೆಯ ಪಡಸಾಲೆಗೂ ಒಂದು ಗೇಣು ಜಾಗ ಹೆಚ್ಚಿಗೆ ಸಿಗುತ್ತದೆ. ಅದಕ್ಕೇ ಮನೆಗೆ ನೆಂಟರು ಬಂದ ದಿನ ಬೇಕೆಂದೇ ಜೋರಾಗಿ ಕೆಮ್ಮುವ ಪುಣ್ಯಾತ್ಮರೂ ನಮ್ಮಲ್ಲಿದ್ದಾರೆ.

ತೀರಾ ಬಿಗಿದರೆ ಮದ್ದಿನ ಮನೆಯಿಂದ ಚನ್ನವೀರಯ್ಯನವರು ಬರುತ್ತಾರೆ. ಉದ್ದ ಮೂತಿಯ ತಾಮ್ರದ ಗಿಂಡಿಯಿಂದ ಎರಡೂ ಕಡೆ ಗೋಡೆಯ ಬುಡಕ್ಕೆ ಕಂದು ಬಣ್ಣದ ಸಡಿಲು ಮದ್ದು ಹೊಯ್ಯುತ್ತಾ ಹೋಗುತ್ತಾರೆ. ಅವರು ಓಣಿಯ ಕೊನೆ ಮುಟ್ಟುವಷ್ಟರಲ್ಲಿ ಗೋಡೆಗಳು ಉಸಿರುಬಿಟ್ಟು ಹಿಂದಕ್ಕೆ ಸರಿದಿರುತ್ತವೆ. ನಮ್ಮ ಅಜ್ಜಂದಿರ ಅಜ್ಜಂದಿರ ಕಾಲದಿಂದ ಹೀಗೇ ನಡೆದಿದೆ. ಒಲೆ ಹಚ್ಚಿದರೆ ನೀರು ಕಾಯುತ್ತದೆ, ಮದ್ದು ಹೊಯ್ದರೆ ಓಣಿ ಸಡಿಲಾಗುತ್ತದೆ. ಯಾಕೆ ಎಂದು ಕೇಳುವ ಪುರುಸೊತ್ತು ಯಾರಿಗಿದೆ?

ನಮ್ಮದು ಬಾಚಣಿಗೆ ಓಣಿ. ಹಿಂದೆ ಇಲ್ಲಿ ಕೊಂಬಿನ ಬಾಚಣಿಗೆ ಮಾಡುವವರಿದ್ದರಂತೆ. ಈಗ ಊರಿಗೆಲ್ಲ ಗೊತ್ತಿರುವುದು ನನ್ನ ಅತ್ತೆ ಹಾಲಮ್ಮನ ದೋಸೆ. ಓಣಿಯ ಒಂದು ತುದಿ ಪೇಟೆಗೆ ತೆರೆದುಕೊಳ್ಳುತ್ತದೆ, ಇನ್ನೊಂದು ತುದಿ ದೊಡ್ಡ ಬಂಡೆಗೆ ಹೋಗಿ ಮುಗಿಯುತ್ತದೆ. ಆ ಮುಗಿಯುವ ತುದಿಯಲ್ಲಿ ನಮ್ಮ ಮನೆ, ನಡುವೆ ಮೊಣಕೈಯ ಹಾಗೆ ಒಂದು ತಿರುವು. ಅತ್ತೆ ಜೀವಮಾನವಿಡೀ ನಿಂತೇ ದೋಸೆ ಹೊಯ್ದವರು. ಕೂತು ಹೊಯ್ದರೆ ದೋಸೆಗೂ ಸೋಮಾರಿತನ ಬರುತ್ತದೆ ಎಂಬುದು ಅವರ ನಂಬಿಕೆ. ನನ್ನ ಕೈಯಲ್ಲಿ ಮಾತ್ರ ದೋಸೆ ಹರಿಯದೆ ಎದ್ದದ್ದು ಅಪರೂಪ. "ಅಂಚು ಬಿಡೋವರ್ಗೂ ಸಟ್ಟುಗ ಹಾಕ್ಬ್ಯಾಡ ಕಣೇ ಕೊಟ್ರಿ, ತಾನಾಗೇ ಬಿಡ್ತೈತೆ" ಎಂದು ಅವರು ಹೇಳಿದ್ದು ಎಷ್ಟು ಸಲವೋ. ನನಗೆ ಅಷ್ಟು ತಾಳ್ಮೆಯಿದ್ದಿದ್ದರೆ ನೋಡಲು ಬಂದ ಮೊದಲನೇ ಗಂಡಿಗೇ ಹೂಂ ಎಂದು ಈ ಮನೆಗೆ ಬರುತ್ತಿದ್ದೆನೆ?

ನಮ್ಮ ಓಣಿಗಳ ಗೋಡೆಯ ಮೇಲೆ ಹಾಲಿನ ಕೆನೆಯಷ್ಟು ತೆಳ್ಳಗೆ ಒಂದು ಬೂದು ಪೊರೆ ಇರುತ್ತದೆ. ಹೋಗಿ ಬರುವವರ ಭುಜಕ್ಕೆ ಅದು ಚೂರುಚೂರು ಅಂಟುತ್ತದೆ. ಅತ್ತೆಗೆ ಬಟ್ಟೆಯ ಮೇಲೆ ಒಂದು ಚುಕ್ಕೆ ಕಂಡರೂ ಆಗದು. ಹೊಸ್ತಿಲ ಮೇಲೆ ಮಣ್ಣು ಬಿದ್ದರೆ ಅನ್ನ ಸೇರುವುದಿಲ್ಲ. ಒಂದು ದಿನ ಬಿಳೀ ಅಂಗಿಯ ಗಿರಾಕಿಯೊಬ್ಬರು ತಿಂದು ಕೈ ತೊಳೆಯುತ್ತಾ, "ದೋಸೆ ಏನೋ ಚೆನ್ನಾಗೈತೆ ಹಾಲಮ್ಮ, ಆದ್ರೆ ನಿಮ್ಮನೆಗೆ ಬಂದ ದಿನ ಅಂಗಿ ಒಗೀಲೇಬೇಕು" ಎಂದು ನಕ್ಕರು. ಅತ್ತೆ ನಗಲಿಲ್ಲ. ಅವತ್ತೇ ಮನೆಮನೆಗೆ ಹೋಗಿ, ಅವರವರ ಮುಂದಿನ ಗೋಡೆ ಅವರವರೇ ಕೆರೆದು ತೊಳೆಯಬೇಕೆಂದು ಒಪ್ಪಿಸಿ ಬಂದರು. ಅತ್ತೆಯ ಮಾತಿಗೆ ಓಣಿಯಲ್ಲಿ ಎದುರು ಮಾತಿರಲಿಲ್ಲ. ತೆಂಗಿನ ಚಿಪ್ಪು, ಕತ್ತಿ, ಇಟ್ಟಿಗೆ ಚೂರು, ಯಾರ ಕೈಗೆ ಏನು ಸಿಕ್ಕಿತೋ ಅದರಲ್ಲಿ ಕೆರೆದೆವು. ಅತ್ತೆ ದೋಸೆಯ ಸಟ್ಟುಗವನ್ನೇ ಹಿಡಿದು ನಿಂತಿದ್ದರು. ಸಂಜೆಗೆ ಓಣಿ ತೊಳೆದ ಹಲ್ಲಿನ ಹಾಗೆ ಬೆಳ್ಳಗಾಯಿತು.

ಕೆರೆಯದೆ ಉಳಿದವನು ತಿಪ್ಪೇಸ್ವಾಮಿ ಒಬ್ಬನೇ. ತಿರುವಿನಲ್ಲಿ ಅವನ ಮನೆ. ಹಾಸಿಗೆ ಹೊಲಿಯುವುದು ಅವನ ಕಸುಬು. ಹೊಲಿದ ಹಾಸಿಗೆ ಹೇಗಿದೆ ಎಂದು ತಾನೇ ಮಲಗಿ ನೋಡದೆ ಯಾರಿಗೂ ಕೊಟ್ಟವನಲ್ಲ, ಮಲಗಿದರೆ ಬೇಗ ಎದ್ದವನೂ ಅಲ್ಲ. "ನಾಳೆ ಕೆರೀತೀನಿ ಹಾಲಕ್ಕ" ಎಂದು ಮಗ್ಗುಲು ಬದಲಿಸಿದ. "ಹೆಸರಿಗೆ ತಕ್ಕಂಗೆ ಇದೀಯ ನೋಡು, ತಿಪ್ಪೆ" ಎಂದು ಅತ್ತೆ ಉಗಿದು ಬಂದರು. ಅವನನ್ನು ಅವರು ನಮ್ಮ ಹೊಸ್ತಿಲು ದಾಟಲು ಬಿಟ್ಟದ್ದೇ ಇಲ್ಲ. ದೋಸೆಯನ್ನು ಎಲೆಯಲ್ಲಿ ಕಟ್ಟಿ ಆಚೆಯಿಂದಲೇ ಕೊಟ್ಟು ಕಳಿಸುತ್ತಿದ್ದರು.

ಮರುದಿನವೇ ಚಳಿ ಬಿತ್ತು. ಓಣಿ ಮುದುಡಿತು. ಚನ್ನವೀರಯ್ಯನವರು ಎಂದಿನಂತೆ ಗಿಂಡಿ ಹಿಡಿದು ಬಂದು ಹೊಯ್ಯುತ್ತಾ ನಮ್ಮ ಮನೆಯ ಮುಂದಕ್ಕೆ ಬಂದರು. ಅತ್ತೆ ನೀರಿನ ಬಕೆಟ್ ಹಿಡಿದು ಹೊರಗೆ ನಿಂತಿದ್ದರು, ಮದ್ದಿನ ಕಲೆ ಉಳಿಯದ ಹಾಗೆ ತೊಳೆಯುವುದಕ್ಕೆ. ಸಡಿಲಾಗಬೇಕಿದ್ದ ಗೋಡೆ ಸಡಿಲಾಗಲಿಲ್ಲ. ಮದ್ದು ಬಿದ್ದ ಕಡೆಯೆಲ್ಲ ಗೋಡೆಗಳು ಒಂದರ ಕಡೆಗೊಂದು ನುಗ್ಗಿದವು. ಬಕೆಟ್ ಅಪ್ಪಚ್ಚಿಯಾಯಿತು, ಅತ್ತೆಯ ಕಾಲು ತಿರುಚಿ ಅವರು ನಮ್ಮ ಹೊಸ್ತಿಲ ಮೇಲೆ ಬಿದ್ದರು. ಒಳಗೆಳೆದುಕೊಂಡಾಗ ಅವರ ಬಾಯಿಂದ ಹೊರಟಂಥ ನರಳಿಕೆಯನ್ನು ನಾನು ಅದುವರೆಗೂ ಕೇಳಿದ್ದಿಲ್ಲ.

ಮದ್ದು ಸಾಲಲಿಲ್ಲ ಎಂದುಕೊಂಡೆವು. ಇನ್ನೊಂದು ಗಿಂಡಿ ಹೊಯ್ಯಿಸಿದೆವು, ಇನ್ನಷ್ಟು ಬಿಗಿಯಿತು. ಆಮೇಲೆ ಮತ್ತೊಂದು. ಕೊನೆಗೆ ಚನ್ನವೀರಯ್ಯನವರೇ ಅಡ್ಡಡ್ಡಕ್ಕೆ ನುಸುಳಿಕೊಂಡು, ಬೆನ್ನಿನ ತೊಗಲು ಕಿತ್ತುಕೊಂಡು ಹೊರಗೆ ಹೋಗಬೇಕಾಯಿತು.

ಡಾಕ್ಟರು ಜಮೀಲಾ ಬಂದದ್ದೂ ಹಾಗೇ ಅಡ್ಡಡ್ಡಕ್ಕೆ, ಚೀಲವನ್ನು ತಲೆಯ ಮೇಲೆ ಹೊತ್ತುಕೊಂಡು. ಪೇಟೆಯ ಆಸ್ಪತ್ರೆ ಅವರದು. ಅತ್ತೆಯ ಸೊಂಟ ಮುಟ್ಟಿ ನೋಡಿ ನನ್ನನ್ನೂ ನನ್ನ ಗಂಡನನ್ನೂ ಪಕ್ಕಕ್ಕೆ ಕರೆದರು. "ತೊಡೆ ಮೂಳೆ ಸೊಂಟದ ಹತ್ರ ಮುರಿದಿದೆ. ಇಲ್ಲಿ ಏನೂ ಮಾಡೋಕಾಗಲ್ಲ, ಆಸ್ಪತ್ರೆಗೇ ತರಬೇಕು. ಆದ್ರೆ ಮಂಚದ ಮೇಲೆ ಅಂಗಾತ ಮಲಗಿಸಿಕೊಂಡೇ ತರಬೇಕು. ನಿಲ್ಲಿಸಿದ್ರೆ, ಸೀರೆಯಲ್ಲಿ ಜೋಲಿ ಕಟ್ಟಿದ್ರೆ, ಮೂಳೆ ಇನ್ನೂ ಜರುಗುತ್ತೆ. ಆಮೇಲೆ ಅವರು ಎದ್ದು ನಿಲ್ಲಲ್ಲ."

"ಮಾಡಿನ ಮೇಲಿಂದ?" ಎಂದರು ನನ್ನ ಗಂಡ.

"ಹಗ್ಗ ಕಟ್ಟಿ ಎತ್ತೋದಾ? ಒಂದು ಸಲ ಜಗ್ಗಿದ್ರೆ ಸಾಕು, ಮುಗೀತು. ತಡ ಮಾಡಬೇಡಿ, ನಾಳೆಯೊಳಗೆ ತನ್ನಿ."

ಹೊರಗೆ ಓಣಿ ನನ್ನ ಒಂದು ಮೊಳದಷ್ಟೂ ಅಗಲವಿರಲಿಲ್ಲ. ಅತ್ತೆಗೆ ಎಲ್ಲ ಕೇಳಿಸಿತ್ತು. "ಜೋಲೀಲೇ ಎಳ್ಕಂಡೋಗ್ರಿ" ಎಂದರು. "ಇಲ್ಲಾಂದ್ರೆ ಇಲ್ಲೇ ಬಿಡ್ರಿ. ನಿಲ್ಲಾಕಾಗದ ಮ್ಯಾಲೆ ಎಲ್ಲಿದ್ರೇನು."

ನನಗೆ ಸಿಟ್ಟು ನೆತ್ತಿಗೇರಿತು. ಕೂಗುವ ಹಾಗಿಲ್ಲವಲ್ಲ, ಅವರ ಕಿವಿಗೆ ಬಾಯಿಟ್ಟು ಹೇಳಿದೆ. "ಮಲ್ಕಂಡೇ ಹೋಗ್ತೀರಿ ಅತ್ತೆ. ನಡ್ಕಂಡೇ ಬರ್ತೀರಿ. ನನ್ನ ದೋಸೆ ತಿಂದು ಈ ಓಣಿ ಜನ ಬದುಕಾಕಿಲ್ಲ." ಅವರು ನಗಲೂ ಇಲ್ಲ, ಬೈಯಲೂ ಇಲ್ಲ. ಬೈಯದೇ ಇದ್ದದ್ದು ನನ್ನನ್ನು ಹೆದರಿಸಿತು.

ಡಾಕ್ಟರಮ್ಮನನ್ನು ಪೇಟೆಯವರೆಗೆ ಬಿಡಲು ಹೊರಟೆ. ಎದೆಗೂ ಬೆನ್ನಿಗೂ ಗೋಡೆ ಉಜ್ಜುತ್ತಾ ಏಡಿಗಳ ಹಾಗೆ ನಡೆದೆವು. ತಿರುವಿಗೆ ಬಂದೊಡನೆ ಒಮ್ಮೆಲೇ ಇಬ್ಬರಿಗೂ ಅಕ್ಕಪಕ್ಕ ನಿಲ್ಲುವಷ್ಟು ಜಾಗ ಸಿಕ್ಕಿತು. ನೋಡಿದರೆ ತಿಪ್ಪೇಸ್ವಾಮಿ ಓಣಿಯ ನಡುವೆಯೇ ಹಾಸಿಗೆ ಹಾಕಿಕೊಂಡು ಎಳೆಬಿಸಿಲಿಗೆ ಮಲಗಿದ್ದಾನೆ.

"ಇಲ್ಯಾಕೆ ಇಷ್ಟು ಅಗಲ ಐತೆ, ತಿಪ್ಪೇಸ್ವಾಮಣ್ಣ?"

"ಮದ್ದು ಹೊಯ್ದ್ರಲ್ಲ ತಂಗಿ, ಬಿಟ್ಕಂಡೈತೆ" ಎಂದ, ಇದರಲ್ಲಿ ಕೇಳುವುದೇನಿದೆ ಎನ್ನುವ ಹಾಗೆ.

ಅವನ ಗೋಡೆ ಮುಟ್ಟಿದೆ. ಬೂದು ಪೊರೆ ಹಾಗೇ ಇತ್ತು, ಬೆಚ್ಚಗೆ, ಮೆತ್ತಗೆ. ಅದೇ ಗಿಂಡಿ, ಅದೇ ಮದ್ದು, ಅದೇ ಚನ್ನವೀರಯ್ಯ. ಇಲ್ಲಿ ಬಿಚ್ಚಿಕೊಂಡಿದೆ, ನಮ್ಮಲ್ಲಿ ಕಚ್ಚಿಕೊಂಡಿದೆ. ನಾನು ಡಾಕ್ಟರಮ್ಮನ ಮುಖ ನೋಡಿದೆ. ಅವರು ಗೋಡೆಯನ್ನು ರೋಗಿಯ ಹೊಟ್ಟೆ ತಟ್ಟುವ ಹಾಗೆ ತಟ್ಟುತ್ತಿದ್ದರು.

"ಮೈಯೊಳಗಿನ ರಕ್ತನಾಳದಲ್ಲೂ ಹೀಗೊಂದು ಪೊರೆ ಇರುತ್ತಮ್ಮ" ಎಂದರು. "ನಾಳದ ಗೋಡೆಯಲ್ಲಿ ಸ್ನಾಯು ಇರುತ್ತೆ, ಬಿಗಿಯೋದು ಸಡಿಲ ಬಿಡೋದು ಅದರ ಕೆಲಸ. ಕೆಲವು ಔಷಧಿ ನೇರವಾಗಿ ಸ್ನಾಯುವಿಗೆ ಸಡಿಲ ಬಿಡು ಅಂತ ಹೇಳಲ್ಲ. ಪೊರೆಗೆ ಹೇಳುತ್ತೆ. ಪೊರೆ ತನ್ನೊಳಗಿಂದ ಒಂದು ಥರ ಆವಿ ಬಿಟ್ಟು ಸ್ನಾಯುವಿಗೆ ಹೇಳುತ್ತೆ. ಪೊರೆ ಕೆರೆದು ಹಾಕಿದ್ರೆ ಅದೇ ಔಷಧಿ ನೇರ ಸ್ನಾಯುವಿಗೆ ತಾಗಿ, ಬಿಗಿ ಅನ್ನುತ್ತೆ."

"ಅಂದ್ರೆ ನಾವು ಕೆರೆದದ್ದು ಕೊಳೆ ಅಲ್ಲ."

"ಅಲ್ಲ. ಹೇಳೋರನ್ನೇ ಕೆರೆದು ಹಾಕಿದ್ದೀರಿ."

ಪೊರೆ ಮತ್ತೆ ಬೆಳೆಯಲು ತಿಂಗಳುಗಳು ಬೇಕು, ಅತ್ತೆಗೆ ಇರುವುದು ನಾಳೆಯವರೆಗೆ. ಅಳು ಬರುವುದರಲ್ಲಿತ್ತು. ಅಷ್ಟರಲ್ಲಿ ಎದುರು ಗೋಡೆ ಕಣ್ಣಿಗೆ ಬಿತ್ತು. ಅದು ಎದುರು ಮನೆಯವರ ಗೋಡೆ, ಅವರು ಅದನ್ನು ಕೆರೆದು ಸುಣ್ಣದ ಹಾಗೆ ಬಿಳಿ ಮಾಡಿದ್ದರು. ಪೊರೆಯ ಲವಲೇಶವೂ ಇಲ್ಲ. ಆದರೂ ಅದು ಹಿಂದಕ್ಕೆ ಸರಿದಿತ್ತು, ತಿಪ್ಪೇಸ್ವಾಮಿಯ ಗೋಡೆಯ ಎದುರಿಗೆ ಎಷ್ಟು ಉದ್ದ ಬರುತ್ತದೋ ಸರಿಯಾಗಿ ಅಷ್ಟೇ ಉದ್ದ.

"ಡಾಕ್ಟರಮ್ಮ, ಇದರ ಪೊರೆ ಹೇಳಿದ್ದು ಅದಕ್ಕೂ ಕೇಳಿಸೈತೆ" ಎಂದೆ. "ಪೊರೇನ ಎತ್ಕಂಡೋಗಿ ಬರೀ ಗೋಡೆಗೆ ಹಿಡಿದ್ರೆ?"

ಅವರು ಎದುರು ಗೋಡೆಯನ್ನೂ ತಟ್ಟಿ ನೋಡಿದರು. "ಒಂದು ಕ್ಷಣ ಕೇಳಬಹುದು. ಆ ಆವಿ ಬಹಳ ಹೊತ್ತು ಇರಲ್ಲ, ಹುಟ್ಟಿದ ಹಾಗೇ ಹೋಗಿಬಿಡುತ್ತೆ. ಹಿಡಿದುಕೊಂಡೇ ನಡೀಬೇಕು, ಮದ್ದು ಹೊಯ್ತಾನೇ ಇರಬೇಕು. ಮಧ್ಯದಲ್ಲಿ ಕೈ ಕೊಟ್ರೆ ಮಂಚದ ಸಮೇತ..." ಎಂದು ನಿಲ್ಲಿಸಿದರು. ಮಿಕ್ಕದ್ದು ಅಪ್ಪಚ್ಚಿಯಾದ ಬಕೆಟ್ ನೋಡಿದವಳಿಗೆ ಹೇಳಬೇಕಾಗಿರಲಿಲ್ಲ.

ತಿಪ್ಪೇಸ್ವಾಮಿ ಎದ್ದು ಕೂತಿದ್ದ. ಅವನು ಎದ್ದು ಕೂತದ್ದೇ ಒಂದು ವಿಶೇಷ. "ನನ್ನ ಗೋಡೆದು ಕಿತ್ಕಂಡೋದ್ರೆ ನಾನೇನ್ ಮಾಡ್ಲಿ? ನಾಳೆಯಿಂದ ಒಂದು ಹಾಸಿಗೆ ಹರಡಿ ಹೊಲಿಯಾಕೂ ಜಾಗ ಇರಲ್ಲ. ದಿಂಬು ಹೊಲ್ಕಂಡು ಬದುಕ್ಲಾ?"

ಅವನು ಹೇಳಿದ್ದು ನಿಜವೇ ಆಗಿತ್ತು.

"ನಿಮ್ಮತ್ತೆ ನನ್ನ ಏನಂತ ಕರೀತಾರೆ, ಗೊತ್ತಲ್ಲ" ಎಂದ ಆಮೇಲೆ, ನೆಲ ನೋಡುತ್ತಾ. "ಅವ್ರೇ ಕೇಳ್ಲಿ. ಕೊಡ್ತೀನಿ."

ಮನೆಗೆ ಬಂದು ಅತ್ತೆಗೆ ಹೇಳಿದೆ. ಅವರು ಮುಖ ಗೋಡೆಯ ಕಡೆ ತಿರುಗಿಸಿದರು. "ಅವನ ಮುಂದೆ ನಾನು ಕೈ ಚಾಚ್ಲಾ?" ಎಂದರು. ಕೈ ಚಾಚದಿದ್ದರೆ ಕಾಲು ಹೋಗುತ್ತದೆ ಎಂದೆ. ನನ್ನ ಗಂಡ ಹೇಳಿ ನೋಡಿದರು. ಆ ಹೆಂಗಸಿನ ಹಟ ನನಗೆ ಗೊತ್ತಿಲ್ಲದ್ದಲ್ಲ, ನನ್ನದೂ ಅದೇ ಜಾತಿಯ ಹಟ. ಆದರೆ ಅವತ್ತು ಕೊರಳಪಟ್ಟಿ ಹಿಡಿದು ಅಲ್ಲಾಡಿಸಬೇಕು ಅನ್ನಿಸಿತು.

ಆಗ ಬಾಗಿಲಲ್ಲಿ ಯಾರೋ ಉಬ್ಬಸಪಟ್ಟ ಸದ್ದಾಯಿತು. ತಿಪ್ಪೇಸ್ವಾಮಿ ತನ್ನ ಅಷ್ಟು ದೊಡ್ಡ ಹೊಟ್ಟೆಯನ್ನು ಹೇಗೆ ಒಳಗೆ ಎಳೆದುಕೊಂಡು ಬಂದನೋ ದೇವರಿಗೇ ಗೊತ್ತು. ಬೆವರಿ, ಭುಜದ ಮೇಲೆಲ್ಲ ಬೂದು ಬಳಿದುಕೊಂಡು, ಎಂದಿನ ಅಭ್ಯಾಸದಂತೆ ಹೊಸ್ತಿಲ ಆಚೆಗೇ ನಿಂತ. ಅತ್ತೆ ಅವನ ಭುಜ ನೋಡಿದರು, ಕಾಲು ನೋಡಿದರು. ಬಾಯಿ ತೆರೆದರು. ಈಗ ತಿಪ್ಪೆ ಎನ್ನುತ್ತಾರೆ, ಎಲ್ಲ ಕೆಡುತ್ತದೆ ಎಂದು ನಾನು ಕಣ್ಣು ಮುಚ್ಚಿಕೊಂಡೆ.

"ಒಳಕ್ಕೆ ಬಾ" ಎಂದರು ಅತ್ತೆ.

ಅವನು ಅಲ್ಲಾಡಲಿಲ್ಲ. "ಕಾಲು ತೊಳ್ದಿಲ್ಲ ಹಾಲಕ್ಕ."

"ಇರ್ಲಿ. ಬಾ ಒಳಕ್ಕೆ, ತಿಪ್ಪೇಸ್ವಾಮಿ."

ಅವನು ಬಂದು ಮಂಚದ ಹತ್ತಿರ ಕುಕ್ಕರುಗಾಲಲ್ಲಿ ಕೂತ. "ಕೇಳ್ದಂಗೇ ಆಯ್ತು ಬಿಡು" ಎಂದು ಕೊನೆಗೆ ಅವನೇ ಎದ್ದ. "ಹಾಸಿಗೆ ಬಟ್ಟೆ ಐತೆ ನನ್ನತ್ರ, ದಪ್ಪಂದು. ನೆನೆಸಿ ಗೋಡೆಗೆ ಒತ್ತಿದ್ರೆ ಪೊರೆ ಅದಕ್ಕೆ ಕಚ್ಕಂತೈತೆ. ನಡಿ ತಂಗಿ."

ಓಣಿಯ ಹೆಂಗಸರೆಲ್ಲ ಅವನ ಮನೆಯ ಮುಂದೆ ಸೇರಿದೆವು. ಒದ್ದೆ ಬಟ್ಟೆಯನ್ನು ಗೋಡೆಗೆ ಬಳಿದಂತೆ ಒತ್ತಿದೆವು. ನಾನು ತಡೆಯಲಾರದೆ ಮೇಲಿನ ತುದಿ ಹಿಡಿದು ಎಳೆದೇಬಿಟ್ಟೆ. ಪೊರೆ ನಡುವೆ ಹರಿದು ಬೂದಿಯ ಹಾಗೆ ಉದುರಿತು. ಪಕ್ಕದಲ್ಲಿದ್ದವಳು ನನ್ನ ಕೈಗೆ ಒಂದೇಟು ಕೊಟ್ಟಳು. ಉಳಿದ ಪೊರೆ ನಾಲ್ಕು ಬಟ್ಟೆಗೆ ಸಾಕಾಗುವಷ್ಟಿತ್ತು, ಇನ್ನೊಂದು ಹರಿದರೆ ಕಥೆ ಮುಗಿಯಿತು. ಎರಡನೇ ಬಟ್ಟೆ ಒತ್ತಿ, ನನ್ನ ಎರಡೂ ಕೈಗಳನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ನಿಂತೆ. ಹಾಗೆ ಸುಮ್ಮನೆ ನಿಂತದ್ದಕ್ಕಿಂತ ಕಷ್ಟದ ಕೆಲಸ ನಾನು ಮಾಡಿಲ್ಲ. ಬಿಸಿಲು ಏರಿತು. ಬಟ್ಟೆಯ ನೀರು ಆರುತ್ತಾ ಬಂತು. ಮೊದಲು ಕೆಳಗಿನ ಮೂಲೆ ತುಸು ಸುರುಳಿಗೊಂಡಿತು, ಆಮೇಲೆ ಪಕ್ಕದ ಅಂಚು, ದೋಸೆ ಕಾವಲಿ ಬಿಡುವ ಹಾಗೆಯೇ. ಎರಡು ಬೆರಳು ಹಾಕಿ ಎತ್ತಿದೆ. ಇಡಿಯಾಗಿ ಬಂತು. ಮಿಕ್ಕ ಮೂರೂ ಹಾಗೇ ಬಂದವು.

ಮಧ್ಯಾಹ್ನ ಬಿಸಿಲು ಓಣಿಯೊಳಗೆ ನೇರ ಬಿದ್ದಾಗ ಹೊರಟೆವು. ಚನ್ನವೀರಯ್ಯನವರು ಗಿಂಡಿ ಹಿಡಿದಿದ್ದರು. "ಇದು ಯಾವ ಕಾಲದಲ್ಲೂ ಮಾಡಿದ್ದಲ್ಲಮ್ಮ. ಮುಚ್ಕಂಡ್ರೆ ಮುದುಕಿ ಜೀವ ಹೋಗ್ತದೆ."

"ನೀವು ಹೊಯ್ತಾ ಇರಿ ಅಯ್ಯನೋರೆ" ಎಂದೆ. "ಮಿಕ್ಕಿದ್ದು ನಮಗೆ ಬಿಡಿ."

ನಾವು ನಾಲ್ವರು ಹೆಂಗಸರು ಪೊರೆಯ ಬಟ್ಟೆಗಳನ್ನು ಅಂಗೈಯಲ್ಲಿ ಹರಡಿಕೊಂಡು, ಇಬ್ಬರು ಎಡಕ್ಕೆ ಇಬ್ಬರು ಬಲಕ್ಕೆ, ಬೋಳು ಗೋಡೆಗೆ ಹತ್ತಿಸಿ ಹಿಡಿದೆವು. ಬಟ್ಟೆಯ ಮೇಲೆ ಮದ್ದು ಬಿತ್ತು. ನಾನು ದೇವರನ್ನೆಲ್ಲ ನೆನೆದುಕೊಂಡೆ. ಅಂಗೈಯ ಕೆಳಗೆ ಗೋಡೆ ಒಮ್ಮೆ ಅದುರಿತು, ಮತ್ತೆ ಮೆಲ್ಲಗೆ ಹಿಂದಕ್ಕೆ ಹೋಯಿತು. ಮಂಚ ಹೊಸ್ತಿಲು ದಾಟಿತು. ಮುಂದೆ ನನ್ನ ಗಂಡ, ಹಿಂದೆ ತಿಪ್ಪೇಸ್ವಾಮಿ ಹೊತ್ತಿದ್ದರು. ನಾವು ಒಂದು ಹೆಜ್ಜೆ ಸರಿದರೆ ಮಂಚ ಒಂದು ಹೆಜ್ಜೆ. ಮಂಚದ ಹಿಂದೆ ಗೋಡೆಗಳು ಮತ್ತೆ ಕೂಡಿಕೊಳ್ಳುತ್ತಿದ್ದವು, ತಿಪ್ಪೇಸ್ವಾಮಿಯ ಬೆನ್ನಿಗೆ ತಾಗುತ್ತಲೇ ಬಂದವು. ವಾಪಸು ಹೋಗುವ ಮಾತಿರಲಿಲ್ಲ. ಅತ್ತೆ ಸೆರಗಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡಿದ್ದರು. ನರಳಿದರೆ ಓಣಿ ಬೆದರುತ್ತದೆ ಎಂದು ಅವರಿಗೆ ಹೇಳಿಕೊಡಬೇಕಾಗಿರಲಿಲ್ಲ.

ತಿರುವಿಗೆ ಬಂದಾಗ ಮಂಚದ ಉದ್ದ ಹೊರಳಬೇಕಿತ್ತು. ಅಲ್ಲಿಯ ಗೋಡೆಯೂ ಈಗ ಬೋಳು, ನಾವೇ ಬೋಳು ಮಾಡಿದ್ದು. ಹೊರಳಿಸುವಾಗ ಗಿಂಡಿ ಚನ್ನವೀರಯ್ಯನವರ ಕೈತಪ್ಪಿ ಕಲ್ಲಿನ ಮೇಲೆ ಠಣ್ಣೆಂದು ಬಿತ್ತು. ಓಣಿ ಬೆಚ್ಚಿತು. ಎರಡೂ ಕಡೆಯಿಂದ ಗೋಡೆ ಬಂದು ಮಂಚವನ್ನು ಕಚ್ಚಿತು, ಮಂಚದ ಕಾಲು ಚಟಚಟ ಎಂದಿತು. ನನ್ನ ಗಂಟಲಿಗೆ ಕೂಗು ಬಂದೇಬಿಟ್ಟಿತ್ತು. ಬಟ್ಟೆ ಬಿಟ್ಟು ಮಂಚವನ್ನು ಹಿಡಿದೆಳೆಯಲು ಕೈ ಎತ್ತಿದೆ.

"ಕೊಟ್ರಿ" ಎಂದರು ಅತ್ತೆ. ಸೆರಗು ಬಾಯಿಂದ ಜಾರಿತ್ತು. ದನಿ ನನಗೆ ಕೇಳುವಷ್ಟೇ ಇತ್ತು. "ಎಳೀಬ್ಯಾಡ. ಅಂಚು ಬಿಡ್ಲಿ ಕಣೇ."

ಎತ್ತಿದ ಕೈಯನ್ನು ಮತ್ತೆ ಬಟ್ಟೆಯ ಮೇಲಿಟ್ಟೆ. ಚನ್ನವೀರಯ್ಯನವರು ಬಗ್ಗಿ, ಗಿಂಡಿಯಲ್ಲಿ ಉಳಿದಿದ್ದನ್ನು ಬಟ್ಟೆಯ ಮೇಲೆ ಹನಿಸಿದರು. ಯಾರೂ ಕದಲಲಿಲ್ಲ. ನನ್ನ ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಮೂಗು ಸೊರ್ ಎನ್ನಿಸಿದರೂ ಗೋಡೆ ಬೆಚ್ಚೀತೆಂದು ಹಾಗೇ ಬಿಟ್ಟೆ. ಅಂಗೈಯ ಕೆಳಗೆ ಮೊದಲು ಏನೂ ಇಲ್ಲ. ಬಹಳ ಹೊತ್ತು ಏನೂ ಇಲ್ಲ. ಆಮೇಲೆ ಬಟ್ಟೆಯ ಒಂದು ಮೂಲೆಯ ಹತ್ತಿರ ಕಲ್ಲು ಮೆತ್ತಗಾಯಿತು. ಅಲ್ಲಿಂದ ಪಕ್ಕಕ್ಕೆ, ಅಲ್ಲಿಂದ ಕೆಳಕ್ಕೆ. ಮಂಚ ಹೊರಳಿತು.

ಪೇಟೆಯ ಬೆಳಕಿಗೆ ಬಂದಾಗ ಡಾಕ್ಟರಮ್ಮ ಕಾಯುತ್ತಾ ನಿಂತಿದ್ದರು. ಅತ್ತೆ ಅಲ್ಲಿಗೆ ಬಂದ ಮೇಲೆ ಒಂದೇ ಸಲ, ಊರಿಗೆಲ್ಲ ಕೇಳುವ ಹಾಗೆ ನರಳಿದರು. ಕೇಳಿ ನನಗೆ ಜೀವ ಬಂತು.

ಮಾವಿನ ಮರಗಳು ಹೂ ಬಿಡುವ ಹೊತ್ತಿಗೆ ಅವರು ಕೋಲೂರಿಕೊಂಡು, ನಡೆದೇ ಬಂದರು. ಅಷ್ಟರಲ್ಲಿ ಇಡೀ ಓಣಿಯ ಜನ, ಒಂದು ಕಡೆ ಭುಜಕ್ಕಂಟಿದ ಪೊರೆ ಇನ್ನೊಂದು ಕಡೆ ಬೋಳು ಗೋಡೆಗೆ ಹತ್ತಲಿ ಎಂದು, ಗೋಡೆಗೆ ಭುಜ ಉಜ್ಜಿಕೊಂಡೇ ಓಡಾಡುವುದನ್ನು ರೂಢಿ ಮಾಡಿಕೊಂಡಿದ್ದೆವು. ಪೊರೆ ನಮ್ಮ ಮನೆಯ ಕಡೆ ಬಂಡೆಯ ಸಂದಿನಿಂದ ಹಬ್ಬಿ ಬರತೊಡಗಿತ್ತು. ತಿಪ್ಪೇಸ್ವಾಮಿಯ ಗೋಡೆ ಮಾತ್ರ ಬೋಳಾಗಿಯೇ ಇತ್ತು, ನಾವು ಚೂರೂ ಬಿಡದೆ ಕಿತ್ತಿದ್ದೆವಲ್ಲ. ಅವನು ನಿಜಕ್ಕೂ ದಿಂಬು ಹೊಲಿಯುತ್ತಿದ್ದ.

ಬಂದ ಮರುದಿನ ಬೆಳಗ್ಗೆ ಅತ್ತೆ ಕಾವಲಿಯ ಹತ್ತಿರ ಹೋಗಲಿಲ್ಲ. ಒಗೆದ ಬಿಳೀ ಸೀರೆ ಉಟ್ಟು ಹೊರಗೆ ಬಂದರು. ನಮ್ಮ ಗೋಡೆಗೆ ಭುಜ ಒತ್ತಿ, ಬೆನ್ನು ಒತ್ತಿ, ಆ ಬೂದು ಕೊಳೆಯನ್ನು ಚೆನ್ನಾಗಿ ಹತ್ತಿಸಿಕೊಂಡರು. ನಾನು ಬಾಯಿ ಬಿಟ್ಟು ನೋಡುತ್ತಿದ್ದೆ. ಕೋಲೂರುತ್ತಾ ತಿರುವಿಗೆ ಹೋಗಿ, ತಿಪ್ಪೇಸ್ವಾಮಿಯ ಬೋಳು ಗೋಡೆಗೆ ಆ ಭುಜವನ್ನು ಉಜ್ಜುತ್ತಾ ಈ ತುದಿಯಿಂದ ಆ ತುದಿಗೆ ನಡೆದರು. ತಿರುಗಿ ಬಂದರು. ಮತ್ತೆ ನಡೆದರು. ಅವನು ಒಳಗಿಂದ ಇಣುಕಿ, "ಸೀರೆ ಹಾಳಾಯ್ತಲ್ಲ ಹಾಲಕ್ಕ" ಎಂದ. "ನೀನು ಮಲ್ಕೋ ಹೋಗು" ಎಂದರು.

ಸ್ನಾನವಾದ ಮೇಲೆ ಬಿಚ್ಚಿ ಹಾಕಿದ ಆ ಸೀರೆಯನ್ನು ನಾನು ಎಂದಿನಂತೆ ಸೋಪಿನ ನೀರಿಗೆ ಹಾಕಲು ಹೋದೆ. ಅತ್ತೆ ಒಳಗಿಂದಲೇ ಕೋಲು ತಟ್ಟಿದರು.

"ಅದನ್ನ ಒಗೀಬ್ಯಾಡ ಕಣೇ" ಎಂದರು. "ನಾಳೆನೂ ಅದನ್ನೇ ಉಟ್ಕಂತೀನಿ."